ಗಣಕಯಂತ್ರದಲ್ಲಿ ಕನ್ನಡ ಕೀಲಿಮಣೆ ವಿನ್ಯಾಸವನ್ನು ಸ್ಥಿರವಾಗಿ ಉಳಿಸಿಕೊಳ್ಳುವ ವಿಧಾನ: ಅರ್ಜಿದಾರರ ಮಾಹಿತಿಗಾಗಿ

1. ಪೀಠಿಕೆ

ಕರ್ನಾಟಕ ರಾಜಭಾಷಾ ಅಧಿನಿಯಮ, 1963ರನ್ವಯ ಕನ್ನಡವು ರಾಜ್ಯದ ಆಡಳಿತ ಭಾಷೆಯಾಗಿರುತ್ತದೆ. ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಾಸಸ್ಥಳ ದೃಢೀಕರಣ, ಸಾಮಾಜಿಕ ಭದ್ರತಾ ಪಿಂಚಣಿ, ಬೆಳೆ ಹಾನಿ ಪರಿಹಾರ ಮುಂತಾದ ಸೇವೆಗಳಿಗೆ ಸಲ್ಲಿಸುವ ಅರ್ಜಿಗಳಲ್ಲಿ ಅರ್ಜಿದಾರರ ಹೆಸರು, ತಂದೆ ಅಥವಾ ಗಂಡನ ಹೆಸರು, ಗ್ರಾಮ ಮತ್ತು ಹೋಬಳಿಯ ವಿವರಗಳನ್ನು ಕನ್ನಡದಲ್ಲಿ ನಮೂದಿಸಬೇಕಾದ ಸಂದರ್ಭಗಳು ಹಲವು. ಅರ್ಜಿಯಲ್ಲಿ ನಮೂದಾದ ಅಕ್ಷರಗಳೇ ಮುಂದೆ ಪ್ರಮಾಣಪತ್ರದಲ್ಲಿ ಮುದ್ರಣಗೊಳ್ಳುವುದರಿಂದ, ಬೆರಳಚ್ಚಿನಲ್ಲಾದ ಒಂದು ಅಕ್ಷರದ ವ್ಯತ್ಯಾಸವೂ ಅರ್ಜಿದಾರರಿಗೆ ತೊಂದರೆಯನ್ನುಂಟುಮಾಡಬಲ್ಲದು.

ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸ ಭಾಗದ ಕಾಫಿ ಬೆಳೆಯುವ ಗ್ರಾಮಗಳಲ್ಲಿ ಅನೇಕರು ಮನೆಯ ಗಣಕಯಂತ್ರದಿಂದಲೋ, ಸಮೀಪದ ಸೇವಾ ಕೇಂದ್ರದಿಂದಲೋ ಅರ್ಜಿ ಸಲ್ಲಿಸುತ್ತಾರೆ. ಹಿಂದಿನ ದಿನ ಸರಿಯಾಗಿ ಕನ್ನಡ ಮೂಡುತ್ತಿದ್ದ ಯಂತ್ರದಲ್ಲಿ ಮರುದಿನ ಇಂಗ್ಲಿಷ್ ಅಕ್ಷರಗಳು ಮೂಡುವುದು, ಅಥವಾ ಕನ್ನಡವೇ ಆದರೂ ಒತ್ತಿದ ಕೀಲಿಗೆ ಬೇರೊಂದು ಅಕ್ಷರ ಬರುವುದು ಸಾಮಾನ್ಯ ತೊಂದರೆಯಾಗಿದೆ. ಇದಕ್ಕೆ ಕಾರಣಗಳೇನು, ಒಮ್ಮೆ ಆಯ್ಕೆ ಮಾಡಿದ ಕೀಲಿಮಣೆ ವಿನ್ಯಾಸವು ಯಂತ್ರವನ್ನು ಆರಿಸಿ ಮತ್ತೆ ಚಾಲನೆ ಮಾಡಿದ ನಂತರವೂ ಉಳಿಯುವಂತೆ ಮಾಡುವುದು ಹೇಗೆ ಎಂಬುದನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಗೆ ವಿವರಿಸಲಾಗಿದೆ.

2. ಕೀಲಿಮಣೆ ವಿನ್ಯಾಸ ಎಂದರೇನು

ಕೀಲಿಮಣೆಯ ಮೇಲೆ ಮುದ್ರಿತವಾಗಿರುವ ಅಕ್ಷರಗಳಿಗೂ ಪರದೆಯ ಮೇಲೆ ಮೂಡುವ ಅಕ್ಷರಗಳಿಗೂ ನೇರ ಸಂಬಂಧವಿರುವುದಿಲ್ಲ. ಕೀಲಿಮಣೆಯು ಯಾವ ಕೀಲಿಯನ್ನು ಒತ್ತಲಾಯಿತು ಎಂಬುದನ್ನು ಮಾತ್ರ ಯಂತ್ರಕ್ಕೆ ತಿಳಿಸುತ್ತದೆ. ಆ ಕೀಲಿಗೆ ಯಾವ ಅಕ್ಷರವನ್ನು ಮೂಡಿಸಬೇಕೆಂಬುದನ್ನು ಯಂತ್ರದ ಕಾರ್ಯಾಚರಣಾ ವ್ಯವಸ್ಥೆಯಲ್ಲಿರುವ ಒಂದು ಪಟ್ಟಿಯು ನಿರ್ಧರಿಸುತ್ತದೆ. ಈ ಪಟ್ಟಿಯೇ ಕೀಲಿಮಣೆ ವಿನ್ಯಾಸ. ಆದ್ದರಿಂದ ಹೊಸ ಕೀಲಿಮಣೆಯನ್ನು ಖರೀದಿಸುವುದರಿಂದಾಗಲೀ, ಕೀಲಿಗಳ ಮೇಲೆ ಕನ್ನಡ ಅಕ್ಷರಗಳ ಚೀಟಿ ಅಂಟಿಸುವುದರಿಂದಾಗಲೀ ವಿನ್ಯಾಸವು ಬದಲಾಗುವುದಿಲ್ಲ.

ಕನ್ನಡಕ್ಕೆ ಬಳಕೆಯಲ್ಲಿರುವ ಪ್ರಮುಖ ವಿನ್ಯಾಸಗಳು ಈ ಕೆಳಕಂಡಂತಿವೆ.

ಅ) ಇನ್‌ಸ್ಕ್ರಿಪ್ಟ್ ವಿನ್ಯಾಸ: ಭಾರತೀಯ ಭಾಷೆಗಳೆಲ್ಲಕ್ಕೂ ಒಂದೇ ಕ್ರಮವಿರಬೇಕೆಂಬ ಉದ್ದೇಶದಿಂದ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು 1986ರಲ್ಲಿ ರೂಪಿಸಿದ್ದು, 1991ರಲ್ಲಿ ಭಾರತೀಯ ಮಾನಕ ಬ್ಯೂರೋದ ಮಾನಕದಲ್ಲಿ ಸೇರ್ಪಡೆಯಾಯಿತು. ಇದರಲ್ಲಿ ಸ್ವರಗಳು ಮತ್ತು ಸ್ವರಚಿಹ್ನೆಗಳು ಎಡಭಾಗದಲ್ಲಿಯೂ, ವ್ಯಂಜನಗಳು ಬಹುಮಟ್ಟಿಗೆ ಬಲಭಾಗದಲ್ಲಿಯೂ ಇರುತ್ತವೆ. 2001ರಲ್ಲಿ ಬಿಡುಗಡೆಯಾದ ವಿಂಡೋಸ್ ಎಕ್ಸ್‌ಪಿ ವ್ಯವಸ್ಥೆಯಿಂದ ಮೊದಲ್ಗೊಂಡು ವಿಂಡೋಸ್‌ನಲ್ಲಿ ‘ಕನ್ನಡ’ ಎಂಬ ಹೆಸರಿನಲ್ಲಿ ದೊರೆಯುವ ವಿನ್ಯಾಸವು ಇದೇ ಆಗಿರುತ್ತದೆ.

ಆ) ಕ.ಗ.ಪ. ವಿನ್ಯಾಸ: ಕನ್ನಡ ಗಣಕ ಲಿಪಿಯ ಆದ್ಯರಲ್ಲೊಬ್ಬರಾದ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿದ್ದು, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಸರ್ಕಾರಿ ಕಛೇರಿಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿತು. ಇಂಗ್ಲಿಷ್ ಕೀಲಿಯ ಧ್ವನಿಗೆ ಹತ್ತಿರವಾದ ಕನ್ನಡ ಅಕ್ಷರವು ಅದೇ ಕೀಲಿಯಲ್ಲಿ ದೊರೆಯುವುದರಿಂದ ಕಲಿಯಲು ಸುಲಭ. ಒತ್ತಕ್ಷರಕ್ಕೆ ‘ಎಫ್’ ಕೀಲಿಯನ್ನು ಬಳಸಲಾಗುತ್ತದೆ.

ಇ) ಧ್ವನ್ಯಾತ್ಮಕ ವಿನ್ಯಾಸ: ಕನ್ನಡ ಪದದ ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬೆರಳಚ್ಚಿಸಿದಾಗ ಯಂತ್ರವೇ ಕನ್ನಡಕ್ಕೆ ಪರಿವರ್ತಿಸುತ್ತದೆ. 1998ರಲ್ಲಿ ಬಿಡುಗಡೆಯಾದ ‘ಬರಹ’ ತಂತ್ರಾಂಶವು ಈ ಪದ್ಧತಿಯನ್ನು ಜನಪ್ರಿಯಗೊಳಿಸಿತು. 2019ರಲ್ಲಿ ವಿಂಡೋಸ್ 10 ವ್ಯವಸ್ಥೆಯಲ್ಲಿಯೂ ‘ಕನ್ನಡ ಫೋನೆಟಿಕ್’ ಎಂಬ ವಿನ್ಯಾಸವನ್ನು ಸೇರ್ಪಡೆಗೊಳಿಸಲಾಯಿತು.

ಗಣಕದಲ್ಲಿ ಕನ್ನಡದ ಬಳಕೆಗೆ ಈ ಪ್ರದೇಶದ ಕೊಡುಗೆಯೂ ಉಂಟು. ಮೂಡಿಗೆರೆಯಲ್ಲಿ ನೆಲೆಸಿದ್ದ ಸಾಹಿತಿ ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938–2007) ಅವರು ಕನ್ನಡ ತಂತ್ರಾಂಶದ ಅಭಿವೃದ್ಧಿಗಾಗಿ ನಿರಂತರವಾಗಿ ಶ್ರಮಿಸಿದವರಲ್ಲಿ ಒಬ್ಬರು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಹೊರತಂದ ‘ಕುವೆಂಪು ಕನ್ನಡ ತಂತ್ರಾಂಶ’ದ ಹಿಂದೆ ಅವರ ಆಸಕ್ತಿ ಮತ್ತು ಮಾರ್ಗದರ್ಶನವಿತ್ತು.

3. ವಿನ್ಯಾಸ ಬದಲಾದಾಗ ಆಗುವ ಪರಿಣಾಮ

ಕನ್ನಡದ ಬದಲು ಇಂಗ್ಲಿಷ್ ಅಕ್ಷರ ಮೂಡಿದಲ್ಲಿ ಅದು ತಕ್ಷಣ ಕಣ್ಣಿಗೆ ಬೀಳುತ್ತದೆ. ಆದರೆ ಒಂದು ಕನ್ನಡ ವಿನ್ಯಾಸದ ಬದಲು ಇನ್ನೊಂದು ಕನ್ನಡ ವಿನ್ಯಾಸ ಜಾರಿಯಲ್ಲಿದ್ದಾಗ ಪರದೆಯಲ್ಲಿ ಕನ್ನಡವೇ ಕಾಣುವುದರಿಂದ ತಪ್ಪು ಗಮನಕ್ಕೆ ಬಾರದೆ ಹೋಗಬಹುದು. ಕ.ಗ.ಪ. ವಿನ್ಯಾಸಕ್ಕೆ ಒಗ್ಗಿದವರು ಇನ್‌ಸ್ಕ್ರಿಪ್ಟ್ ಜಾರಿಯಲ್ಲಿರುವ ಯಂತ್ರದಲ್ಲಿ ಅದೇ ಕೀಲಿಗಳನ್ನು ಒತ್ತಿದಾಗ ಆಗುವ ವ್ಯತ್ಯಾಸಕ್ಕೆ ಕೆಲವು ಉದಾಹರಣೆಗಳು:

– ‘ಕಳಸ’ ಎಂದು ಬೆರಳಚ್ಚಿಸಿದರೆ ‘ಕಥೇ’ ಎಂದು ಮೂಡುತ್ತದೆ.
– ‘ಕಮಲ’ ಎಂಬ ಹೆಸರು ‘ಕಸತ’ ಎಂದು ಮೂಡುತ್ತದೆ.
– ‘ಬಣಕಲ್’ ಎಂಬ ಊರಿನ ಹೆಸರು ‘ವಳಕತಿ’ ಎಂದು ಮೂಡುತ್ತದೆ.

ಕೊನೆಯ ಉದಾಹರಣೆಯಲ್ಲಿ ಮೂಡಿದ ಪದವು ಯಾವುದೋ ಒಂದು ಊರಿನ ಹೆಸರಿನಂತೆಯೇ ಕಾಣುವುದನ್ನು ಗಮನಿಸತಕ್ಕದ್ದು. ಕೀಲಿಮಣೆಯನ್ನು ನೋಡಿಕೊಂಡು ಬೆರಳಚ್ಚಿಸುವವರು ಪರದೆಯನ್ನು ನೋಡದೆ ಮುಂದುವರಿದಲ್ಲಿ ಇಂತಹ ನಮೂದು ಹಾಗೆಯೇ ಸಲ್ಲಿಕೆಯಾಗುವ ಸಂಭವವಿರುತ್ತದೆ. ಪಹಣಿಯಲ್ಲಿರುವ ಹೆಸರಿಗೂ ಅರ್ಜಿಯಲ್ಲಿರುವ ಹೆಸರಿಗೂ ತಾಳೆಯಾಗದಿದ್ದಲ್ಲಿ ಅರ್ಜಿಯು ಹಿಂದಿರುಗಬಹುದು ಅಥವಾ ತಿರಸ್ಕೃತವಾಗಬಹುದು. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಬರುವ ಸೇವೆಗಳಿಗೆ ಕಾಲಮಿತಿ ನಿಗದಿಯಾಗಿದ್ದರೂ, ಹೊಸದಾಗಿ ಅರ್ಜಿ ಸಲ್ಲಿಸಬೇಕಾಗಿ ಬಂದಲ್ಲಿ ಅದುವರೆಗೆ ಕಳೆದ ದಿನಗಳು ಅರ್ಜಿದಾರರಿಗೆ ನಷ್ಟವೇ ಸರಿ. ಮಳೆಗಾಲದಲ್ಲಿ ಘಟ್ಟದ ದಾರಿಯಲ್ಲಿ ತಾಲ್ಲೂಕು ಕೇಂದ್ರಕ್ಕೆ ಮತ್ತೊಮ್ಮೆ ಬರಬೇಕಾಗುವುದು ಹಾಗೂ ಒಂದು ದಿನದ ಕೂಲಿ ಕೈತಪ್ಪುವುದು ಇದರೊಂದಿಗೆ ಸೇರುತ್ತದೆ.

4. ಯಾವ ವಿನ್ಯಾಸ ಜಾರಿಯಲ್ಲಿದೆ ಎಂದು ತಿಳಿಯುವ ಸರಳ ಪರೀಕ್ಷೆ

ಅರ್ಜಿಯನ್ನು ತುಂಬುವ ಮೊದಲು ನೋಟ್‌ಪ್ಯಾಡ್ ಅಥವಾ ಯಾವುದೇ ಖಾಲಿ ಪುಟವನ್ನು ತೆರೆದು ‘ಎಚ್’ ಮತ್ತು ‘ಜೆ’ ಕೀಲಿಗಳನ್ನು ಒತ್ತಿ ನೋಡುವುದು.

– ‘ಪ’ ಮತ್ತು ‘ರ’ ಮೂಡಿದಲ್ಲಿ ಇನ್‌ಸ್ಕ್ರಿಪ್ಟ್ ವಿನ್ಯಾಸ ಜಾರಿಯಲ್ಲಿದೆ.
– ‘ಹ’ ಮತ್ತು ‘ಜ’ ಮೂಡಿದಲ್ಲಿ ಕ.ಗ.ಪ. ಅಥವಾ ಧ್ವನ್ಯಾತ್ಮಕ ವಿನ್ಯಾಸ ಜಾರಿಯಲ್ಲಿದೆ.
– ಇಂಗ್ಲಿಷ್ ಅಕ್ಷರಗಳೇ ಮೂಡಿದಲ್ಲಿ ಕನ್ನಡ ವಿನ್ಯಾಸ ಜಾರಿಯಲ್ಲಿರುವುದಿಲ್ಲ.

‘ಕೆ’ ಕೀಲಿಯು ಇನ್‌ಸ್ಕ್ರಿಪ್ಟ್ ಮತ್ತು ಕ.ಗ.ಪ. ಎರಡರಲ್ಲಿಯೂ ‘ಕ’ ಅಕ್ಷರವನ್ನೇ ನೀಡುವುದರಿಂದ, ಅದೊಂದನ್ನೇ ಒತ್ತಿ ನೋಡಿ ನಿರ್ಧಾರಕ್ಕೆ ಬರಬಾರದು.

5. ಆಯ್ಕೆ ಮಾಡಿದ ವಿನ್ಯಾಸ ಉಳಿಯದಿರಲು ಕಾರಣಗಳು

(1) ಆಯ್ಕೆಯು ತಾತ್ಕಾಲಿಕವಾಗಿರುವುದು. ಕೀಲಿಗಳ ಜೋಡಣೆಯಿಂದ, ಅಂದರೆ ವಿಂಡೋಸ್ ಕೀಲಿಯೊಂದಿಗೆ ಸ್ಪೇಸ್ ಕೀಲಿಯನ್ನೋ ಅಥವಾ ಆಲ್ಟ್ ಮತ್ತು ಶಿಫ್ಟ್ ಕೀಲಿಗಳನ್ನೋ ಒತ್ತಿ ಕನ್ನಡಕ್ಕೆ ಬಂದಲ್ಲಿ, ಅದು ಆಗಿನ ಬಳಕೆಗೆ ಮಾತ್ರ ಅನ್ವಯಿಸುತ್ತದೆ. ಮರುಚಾಲನೆಯ ನಂತರ ಯಂತ್ರವು ಪಟ್ಟಿಯಲ್ಲಿ ಮೊದಲಿರುವ ಅಥವಾ ಮೂಲ ಆಯ್ಕೆಯಾಗಿ ನಿಗದಿಯಾಗಿರುವ ವಿನ್ಯಾಸಕ್ಕೆ ಹಿಂದಿರುಗುತ್ತದೆ.

(2) ಪ್ರತಿ ಬಳಕೆದಾರರಿಗೂ ಪ್ರತ್ಯೇಕ ಆಯ್ಕೆ ಇರುವುದು. ಒಂದೇ ಯಂತ್ರದಲ್ಲಿ ಇಬ್ಬರು ಬಳಕೆದಾರರ ಖಾತೆಗಳಿದ್ದಲ್ಲಿ, ಒಬ್ಬರು ಮಾಡಿದ ಆಯ್ಕೆಯು ಇನ್ನೊಬ್ಬರಿಗೆ ಅನ್ವಯಿಸುವುದಿಲ್ಲ. ಗುಪ್ತಪದ ಕೇಳುವ ಆರಂಭಿಕ ಪರದೆಗೆ ಮತ್ತೊಂದು ಪ್ರತ್ಯೇಕ ಆಯ್ಕೆ ಇರುತ್ತದೆ.

(3) ಪ್ರತಿ ಕಿಟಕಿಗೂ ಪ್ರತ್ಯೇಕ ಆಯ್ಕೆ ಇರುವುದು. ವಿಂಡೋಸ್ 7 ಮತ್ತು ಅದಕ್ಕೂ ಹಿಂದಿನ ವ್ಯವಸ್ಥೆಗಳಲ್ಲಿ ಪ್ರತಿಯೊಂದು ತೆರೆದ ಕಿಟಕಿಗೂ ಬೇರೆ ಬೇರೆ ವಿನ್ಯಾಸ ಅನ್ವಯಿಸುತ್ತಿತ್ತು. ವಿಂಡೋಸ್ 8ರಿಂದೀಚೆಗೆ ಎಲ್ಲ ಕಿಟಕಿಗಳಿಗೂ ಒಂದೇ ಆಯ್ಕೆ ಅನ್ವಯಿಸುವುದು ರೂಢಿ. ಆದರೆ ಹಳೆಯ ಪದ್ಧತಿಯನ್ನು ಬೇಕೆಂದವರು ಆಯ್ಕೆ ಮಾಡಿಕೊಳ್ಳಲು ಅವಕಾಶವಿದ್ದು, ಯಾರಾದರೂ ಹಾಗೆ ಮಾಡಿದ್ದಲ್ಲಿ ಕಿಟಕಿ ಬದಲಾದಂತೆ ಭಾಷೆಯೂ ಬದಲಾಗುತ್ತದೆ.

(4) ಪ್ರತ್ಯೇಕ ತಂತ್ರಾಂಶವು ತಾನಾಗಿ ಚಾಲನೆಗೊಳ್ಳದಿರುವುದು. ನುಡಿ, ಬರಹ ಮುಂತಾದ ತಂತ್ರಾಂಶಗಳು ಚಾಲನೆಯಲ್ಲಿರುವವರೆಗೆ ಮಾತ್ರ ಅವುಗಳ ವಿನ್ಯಾಸ ಲಭ್ಯವಿರುತ್ತದೆ.

(5) ತಾತ್ಕಾಲಿಕ ಬಳಕೆದಾರ ವಿವರದಲ್ಲಿ ಪ್ರವೇಶವಾಗಿರುವುದು. ವಿದ್ಯುತ್ ಹಠಾತ್ತನೆ ನಿಲುಗಡೆಯಾಗಿ ಯಂತ್ರವು ಕ್ರಮಬದ್ಧವಾಗಿ ಮುಚ್ಚದಿದ್ದಲ್ಲಿ ಬಳಕೆದಾರರ ವಿವರಗಳ ಕಡತವು ಹಾಳಾಗುವ ಸಂಭವವಿದೆ. ಆಗ ವಿಂಡೋಸ್ ವ್ಯವಸ್ಥೆಯು ತಾತ್ಕಾಲಿಕ ವಿವರವೊಂದನ್ನು ಸೃಷ್ಟಿಸಿ ಪ್ರವೇಶ ನೀಡುತ್ತದೆ ಮತ್ತು ಅದರಲ್ಲಿ ಮಾಡಿದ ಎಲ್ಲ ಆಯ್ಕೆಗಳನ್ನೂ ನಿರ್ಗಮಿಸಿದೊಡನೆ ಅಳಿಸಿಹಾಕುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ ಮಾರ್ಗಗಳು ಕಡಿತಗೊಳ್ಳುವುದು ಸಾಮಾನ್ಯವಾಗಿರುವ ಮಲೆನಾಡಿನ ಗ್ರಾಮಗಳಲ್ಲಿ ಈ ಕಾರಣವನ್ನು ವಿಶೇಷವಾಗಿ ಗಮನದಲ್ಲಿರಿಸಿಕೊಳ್ಳಬೇಕು.

(6) ಮೂಲಸ್ಥಿತಿಗೆ ಹಿಂದಿರುಗಿಸುವ ತಂತ್ರಾಂಶವಿರುವುದು. ಕೆಲವು ಸೈಬರ್ ಕೇಂದ್ರಗಳಲ್ಲಿ, ಶಾಲಾ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಪ್ರತಿ ಮರುಚಾಲನೆಯಲ್ಲಿಯೂ ಯಂತ್ರವನ್ನು ಮೊದಲಿನ ಸ್ಥಿತಿಗೆ ತರುವ ತಂತ್ರಾಂಶವನ್ನು ಅಳವಡಿಸಿರುತ್ತಾರೆ. ಅಂತಹ ಯಂತ್ರದಲ್ಲಿ ಬಳಕೆದಾರರು ಮಾಡಿದ ಯಾವ ಬದಲಾವಣೆಯೂ ಉಳಿಯುವುದಿಲ್ಲ.

6. ವಿಂಡೋಸ್ ವ್ಯವಸ್ಥೆಯಲ್ಲಿ ಅನುಸರಿಸಬೇಕಾದ ಕ್ರಮ

ಕೆಳಗಿನ ಕ್ರಮವನ್ನು ವಿಂಡೋಸ್ 11 ವ್ಯವಸ್ಥೆಗೆ ಅನುಗುಣವಾಗಿ ನೀಡಲಾಗಿದೆ. ವಿಂಡೋಸ್ 10ರಲ್ಲಿ ಹೆಸರುಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿದ್ದರೂ ಕ್ರಮ ಬಹುತೇಕ ಒಂದೇ ಆಗಿರುತ್ತದೆ.

ಹಂತ 1: ‘ಸೆಟ್ಟಿಂಗ್ಸ್’ ತೆರೆದು, ‘ಟೈಮ್ ಅಂಡ್ ಲ್ಯಾಂಗ್ವೇಜ್’ ವಿಭಾಗದಲ್ಲಿ ‘ಲ್ಯಾಂಗ್ವೇಜ್ ಅಂಡ್ ರೀಜನ್’ ಎಂಬುದನ್ನು ಆರಿಸುವುದು.

ಹಂತ 2: ‘ಆಡ್ ಎ ಲ್ಯಾಂಗ್ವೇಜ್’ ಗುಂಡಿಯನ್ನು ಒತ್ತಿ, ಪಟ್ಟಿಯಿಂದ ಕನ್ನಡವನ್ನು ಆರಿಸಿ ಸೇರಿಸುವುದು. ಯಂತ್ರದ ಎಲ್ಲ ಆದೇಶಗಳೂ ಕನ್ನಡದಲ್ಲಿ ಕಾಣಬೇಕೆಂಬ ಅಪೇಕ್ಷೆ ಇಲ್ಲದಿದ್ದಲ್ಲಿ, ಪರದೆಯ ಭಾಷೆಯನ್ನಾಗಿ ನಿಗದಿಪಡಿಸುವ ಆಯ್ಕೆಯನ್ನು ಗುರುತಿಸಬೇಕಾಗಿಲ್ಲ.

ಹಂತ 3: ಸೇರ್ಪಡೆಯಾದ ಕನ್ನಡದ ಎದುರಿನ ಮೂರು ಚುಕ್ಕಿಗಳನ್ನು ಒತ್ತಿ ‘ಲ್ಯಾಂಗ್ವೇಜ್ ಆಪ್ಷನ್ಸ್’ ತೆರೆಯುವುದು. ‘ಕೀಬೋರ್ಡ್ಸ್’ ಎಂಬಲ್ಲಿ ಬೇಕಾದ ವಿನ್ಯಾಸವನ್ನು ಸೇರಿಸಿ, ಬೇಡವಾದುದನ್ನು ತೆಗೆದುಹಾಕುವುದು. ಒಂದೇ ಕನ್ನಡ ವಿನ್ಯಾಸವನ್ನು ಉಳಿಸಿಕೊಳ್ಳುವುದು ಅತ್ಯಂತ ಮುಖ್ಯ. ಪಟ್ಟಿಯಲ್ಲಿ ಎರಡು ಕನ್ನಡ ವಿನ್ಯಾಸಗಳಿದ್ದಲ್ಲಿ ಕೀಲಿ ಜೋಡಣೆಯನ್ನು ಒತ್ತಿದಾಗಲೆಲ್ಲ ಅವು ಅದಲುಬದಲಾಗುತ್ತವೆ.

ಹಂತ 4: ‘ಟೈಮ್ ಅಂಡ್ ಲ್ಯಾಂಗ್ವೇಜ್’ ವಿಭಾಗಕ್ಕೆ ಹಿಂದಿರುಗಿ, ‘ಟೈಪಿಂಗ್’ ಎಂಬಲ್ಲಿ ‘ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್’ ತೆರೆಯುವುದು. ಮೂಲ ವಿನ್ಯಾಸವನ್ನು ನಿಗದಿಪಡಿಸುವ ಪಟ್ಟಿಯು ಇಲ್ಲಿ ದೊರೆಯುತ್ತದೆ. ಯಂತ್ರವನ್ನು ಮುಖ್ಯವಾಗಿ ಕನ್ನಡಕ್ಕೇ ಬಳಸುವವರು ಇದರಲ್ಲಿ ಕನ್ನಡ ವಿನ್ಯಾಸವನ್ನು ಆರಿಸಬಹುದಾಗಿದೆ. ಮರುಚಾಲನೆಯ ನಂತರವೂ ಆಯ್ಕೆಯು ಉಳಿಯುವಂತೆ ಮಾಡುವ ಹಂತ ಇದೇ ಆಗಿರುತ್ತದೆ.

ಹಂತ 5: ಅದೇ ಪುಟದಲ್ಲಿ ಪ್ರತಿ ಕಿಟಕಿಗೂ ಬೇರೆ ಬೇರೆ ವಿನ್ಯಾಸವನ್ನು ಅನುಮತಿಸುವ ಆಯ್ಕೆ ಇರುತ್ತದೆ. ಅದರ ಚೌಕದಲ್ಲಿ ಗುರುತಿದ್ದಲ್ಲಿ ತೆಗೆಯುವುದು.

ಹಂತ 6: ಯಂತ್ರವನ್ನು ಮರುಚಾಲನೆ ಮಾಡಿ, ಮೇಲಿನ 4ನೇ ಕಂಡಿಕೆಯಲ್ಲಿ ತಿಳಿಸಿದ ಪರೀಕ್ಷೆಯನ್ನು ಪುನಃ ನಡೆಸುವುದು. ಪರೀಕ್ಷೆ ಸರಿ ಬಂದಲ್ಲಿ ಮಾತ್ರ ಆಯ್ಕೆಯು ಸ್ಥಿರವಾಗಿದೆ ಎಂದು ಭಾವಿಸತಕ್ಕದ್ದು.

ಒಂದೇ ಯಂತ್ರವನ್ನು ಹಲವರು ಬಳಸುವಲ್ಲಿ ಹೊಸದಾಗಿ ತೆರೆಯುವ ಖಾತೆಗಳಿಗೂ ಇದೇ ಆಯ್ಕೆ ಅನ್ವಯವಾಗಬೇಕಿದ್ದರೆ, ಕಂಟ್ರೋಲ್ ಪ್ಯಾನೆಲ್‌ನ ‘ರೀಜನ್’ ಎಂಬಲ್ಲಿ ‘ಅಡ್ಮಿನಿಸ್ಟ್ರೇಟಿವ್’ ಪುಟದಲ್ಲಿರುವ ‘ಕಾಪಿ ಸೆಟ್ಟಿಂಗ್ಸ್’ ಗುಂಡಿಯನ್ನು ಒತ್ತಿ, ಹೊಸ ಬಳಕೆದಾರ ಖಾತೆಗಳಿಗೆ ಸಂಬಂಧಿಸಿದ ಚೌಕವನ್ನು ಗುರುತಿಸುವುದು. ಇದಕ್ಕೆ ಯಂತ್ರದ ಆಡಳಿತಾಧಿಕಾರವುಳ್ಳ ಖಾತೆಯ ಅಗತ್ಯವಿರುತ್ತದೆ.

ಎಚ್ಚರಿಕೆ: ಅದೇ ಪುಟದಲ್ಲಿ ಆರಂಭಿಕ ಪರದೆಗೂ ಆಯ್ಕೆಯನ್ನು ನಕಲಿಸುವ ಚೌಕವಿದೆ. ಕನ್ನಡವನ್ನು ಮೂಲ ವಿನ್ಯಾಸವನ್ನಾಗಿ ನಿಗದಿಪಡಿಸಿದವರು ಅದನ್ನು ಗುರುತಿಸದಿರುವುದು ಸೂಕ್ತ. ಗುಪ್ತಪದವು ಇಂಗ್ಲಿಷ್ ಅಕ್ಷರಗಳಲ್ಲಿದ್ದು ಆರಂಭಿಕ ಪರದೆಯಲ್ಲಿ ಕನ್ನಡ ವಿನ್ಯಾಸ ಜಾರಿಯಾದಲ್ಲಿ, ಅಕ್ಷರಗಳ ಬದಲು ಚುಕ್ಕಿಗಳು ಮಾತ್ರ ಕಾಣುವುದರಿಂದ ತಪ್ಪು ತಿಳಿಯದೆ ಯಂತ್ರದೊಳಗೆ ಪ್ರವೇಶಿಸಲು ಸಾಧ್ಯವಾಗದಿರಬಹುದು. ಹಾಗಾದಲ್ಲಿ ಪರದೆಯ ಕೆಳಭಾಗದ ಬಲಮೂಲೆಯಲ್ಲಿರುವ ಭಾಷಾ ಚಿಹ್ನೆಯನ್ನು ಒತ್ತಿ ಇಂಗ್ಲಿಷ್ ಆರಿಸಿಕೊಳ್ಳತಕ್ಕದ್ದು.

7. ನುಡಿ ಮತ್ತಿತರ ಪ್ರತ್ಯೇಕ ತಂತ್ರಾಂಶ ಬಳಸುವವರಿಗೆ

ವಿಂಡೋಸ್ ವ್ಯವಸ್ಥೆಯೊಂದಿಗೆ ಬರುವ ವಿನ್ಯಾಸಗಳಲ್ಲಿ ಕ.ಗ.ಪ. ಸೇರಿರುವುದಿಲ್ಲ. ಆದ್ದರಿಂದ ಅದಕ್ಕೆ ಒಗ್ಗಿದವರು ಪ್ರತ್ಯೇಕ ತಂತ್ರಾಂಶವನ್ನು ಬಳಸಬೇಕಾಗುತ್ತದೆ. ಅಂಥವರು ಈ ಅಂಶಗಳನ್ನು ಪಾಲಿಸತಕ್ಕದ್ದು.

– ಯಂತ್ರ ಚಾಲನೆಯಾದೊಡನೆ ತಂತ್ರಾಂಶವೂ ಚಾಲನೆಗೊಳ್ಳುವಂತೆ ಅದರ ಹ್ರಸ್ವಮಾರ್ಗವನ್ನು ‘ಸ್ಟಾರ್ಟ್‌ಅಪ್’ ಕಡತಕೋಶದಲ್ಲಿ ಇರಿಸುವುದು.
– ತಂತ್ರಾಂಶವು ಕಾರ್ಯನಿರ್ವಹಿಸುವಾಗ ವಿಂಡೋಸ್ ವಿನ್ಯಾಸವನ್ನು ಇಂಗ್ಲಿಷ್‌ನಲ್ಲಿಯೇ ಇರಿಸುವುದು. ಎರಡೂ ಕನ್ನಡದಲ್ಲಿದ್ದಲ್ಲಿ ಅಕ್ಷರಗಳು ಕಲಸಿಹೋಗುತ್ತವೆ. ಕೆಲವು ಜಾಲತಾಣಗಳಲ್ಲಿ ಅರ್ಜಿ ನಮೂನೆಯೇ ಇಂಗ್ಲಿಷ್ ಅಕ್ಷರಗಳನ್ನು ಕನ್ನಡಕ್ಕೆ ಪರಿವರ್ತಿಸುವ ಸೌಲಭ್ಯ ಹೊಂದಿದ್ದು, ಅಲ್ಲಿಯೂ ಎರಡರಲ್ಲಿ ಒಂದನ್ನು ಮಾತ್ರ ಬಳಸತಕ್ಕದ್ದು.
– ತಂತ್ರಾಂಶದಲ್ಲಿ ‘ಯುನಿಕೋಡ್’ ಆಯ್ಕೆಯನ್ನೇ ಗುರುತಿಸಿ ಉಳಿಸುವುದು. ಹಳೆಯ ಅಕ್ಷರಶೈಲಿಗಳಲ್ಲಿ ಕನ್ನಡ ಅಕ್ಷರದ ಚಿತ್ರವನ್ನು ಇಂಗ್ಲಿಷ್ ಅಕ್ಷರದ ಸ್ಥಾನದಲ್ಲಿ ಕೂರಿಸಲಾಗಿತ್ತು. ಅಂತಹ ಪಠ್ಯವನ್ನು ಅರ್ಜಿ ನಮೂನೆಗೆ ನಕಲಿಸಿದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮಾತ್ರ ಕಾಣುತ್ತವೆ. 1991ರ ಪ್ರಥಮ ಆವೃತ್ತಿಯಿಂದಲೇ ಯುನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ವಿಭಾಗವನ್ನು ಮೀಸಲಿರಿಸಲಾಗಿದ್ದು, ಯುನಿಕೋಡ್ ಪಠ್ಯವು ಯಾವ ಯಂತ್ರದಲ್ಲಿಯಾದರೂ ಕನ್ನಡವಾಗಿಯೇ ಉಳಿಯುತ್ತದೆ.

8. ಲಿನಕ್ಸ್ ವ್ಯವಸ್ಥೆಯಲ್ಲಿ ಅನುಸರಿಸಬೇಕಾದ ಕ್ರಮ

ಉಬುಂಟು ಮುಂತಾದ ಲಿನಕ್ಸ್ ವ್ಯವಸ್ಥೆಗಳಲ್ಲಿ ಇನ್‌ಸ್ಕ್ರಿಪ್ಟ್ ಮತ್ತು ಕ.ಗ.ಪ. ವಿನ್ಯಾಸಗಳೆರಡೂ ಯಾವುದೇ ಹೆಚ್ಚುವರಿ ವೆಚ್ಚವಿಲ್ಲದೆ ಲಭ್ಯವಿರುತ್ತವೆ. ಗ್ನೋಮ್ ಪರದೆಯುಳ್ಳ ಯಂತ್ರಗಳಲ್ಲಿ ‘ಸೆಟ್ಟಿಂಗ್ಸ್’ ತೆರೆದು, ‘ಕೀಬೋರ್ಡ್’ ವಿಭಾಗದ ‘ಇನ್‌ಪುಟ್ ಸೋರ್ಸಸ್’ ಎಂಬಲ್ಲಿ ಕೂಡುವ ಚಿಹ್ನೆಯನ್ನು ಒತ್ತಿ ಕನ್ನಡ ವಿನ್ಯಾಸವನ್ನು ಸೇರಿಸುವುದು. ಇಲ್ಲಿ ಮಾಡಿದ ಆಯ್ಕೆಯು ಆ ಬಳಕೆದಾರರ ಖಾತೆಯಲ್ಲಿ ದಾಖಲಾಗಿ ಮರುಚಾಲನೆಯ ನಂತರವೂ ಉಳಿಯುತ್ತದೆ.

ಆದೇಶ ಸಾಲಿನಿಂದ ವಿನ್ಯಾಸವನ್ನು ಬದಲಿಸುವವರು ಒಂದು ವ್ಯತ್ಯಾಸವನ್ನು ತಿಳಿದಿರಬೇಕು. ‘ಸೆಟ್‌ಎಕ್ಸ್‌ಕೆಬಿಮ್ಯಾಪ್’ ಆದೇಶದಿಂದ ಮಾಡಿದ ಬದಲಾವಣೆಯು ಆಗಿನ ಪ್ರವೇಶಾವಧಿಗೆ ಮಾತ್ರ ಸೀಮಿತ. ನಿರ್ಗಮಿಸಿದಾಗ ಅದು ಇಲ್ಲವಾಗುತ್ತದೆ, ಕೀಲಿಮಣೆಯ ತಂತಿಯನ್ನು ತೆಗೆದು ಮತ್ತೆ ಜೋಡಿಸಿದಾಗಲೂ ಇಲ್ಲವಾಗಬಹುದು. ಸ್ಥಿರವಾಗಿ ಉಳಿಯಬೇಕಿದ್ದಲ್ಲಿ ಉಬುಂಟು ಮತ್ತು ಡೆಬಿಯನ್ ವ್ಯವಸ್ಥೆಗಳಲ್ಲಿ ‘ಇಟಿಸಿ’ ಕಡತಕೋಶದೊಳಗಿನ ‘ಡಿಫಾಲ್ಟ್’ ಕೋಶದಲ್ಲಿರುವ ‘ಕೀಬೋರ್ಡ್’ ಎಂಬ ಕಡತದಲ್ಲಿ ವಿನ್ಯಾಸದ ಹೆಸರನ್ನು ನಮೂದಿಸಿ ಯಂತ್ರವನ್ನು ಮರುಚಾಲನೆ ಮಾಡಬೇಕು. ಇದಕ್ಕೂ ಆಡಳಿತಾಧಿಕಾರದ ಅಗತ್ಯವಿದೆ. ಈ ಕಡತದಲ್ಲಿರುವುದು ಇಡೀ ಯಂತ್ರದ ಆಯ್ಕೆ. ಬಳಕೆದಾರರು ತಮ್ಮ ಪರದೆಯ ಸೆಟ್ಟಿಂಗ್‌ನಲ್ಲಿ ಬೇರೆ ಆಯ್ಕೆ ಮಾಡಿಕೊಂಡಿದ್ದಲ್ಲಿ, ಪ್ರವೇಶದ ನಂತರ ಅದೇ ಜಾರಿಗೆ ಬರುತ್ತದೆ. ಆದ್ದರಿಂದ ಎರಡೂ ಕಡೆ ಒಂದೇ ವಿನ್ಯಾಸವಿರುವುದನ್ನು ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಇಲ್ಲಿಯೂ ಇಂಗ್ಲಿಷ್ ವಿನ್ಯಾಸವನ್ನು ಪಟ್ಟಿಯಿಂದ ಪೂರ್ಣವಾಗಿ ತೆಗೆದುಹಾಕಬಾರದು.

9. ಸೇವಾ ಕೇಂದ್ರಗಳಲ್ಲಿ ಅರ್ಜಿ ಸಲ್ಲಿಸುವವರಿಗೆ

ಸೇವಾ ಕೇಂದ್ರದ ಯಂತ್ರದಲ್ಲಿ ಸ್ಥಿರ ಬದಲಾವಣೆ ಮಾಡುವ ಅಧಿಕಾರ ಅರ್ಜಿದಾರರಿಗೆ ಇರುವುದಿಲ್ಲ. ಅಂತಹ ಸಂದರ್ಭದಲ್ಲಿ ಈ ಕೆಳಗಿನಂತೆ ನಡೆದುಕೊಳ್ಳುವುದು ಸೂಕ್ತ.

(1) ಹೆಸರು ಮತ್ತು ವಿಳಾಸವನ್ನು ಪಹಣಿ ಅಥವಾ ಹಿಂದಿನ ಪ್ರಮಾಣಪತ್ರದಲ್ಲಿರುವಂತೆಯೇ ಒಂದು ಹಾಳೆಯಲ್ಲಿ ಸ್ಪಷ್ಟವಾಗಿ ಬರೆದುಕೊಂಡು ಬರುವುದು. ಓದು ಬರಹ ತಿಳಿಯದವರು ಮೂಲ ದಾಖಲೆಯನ್ನೇ ತಂದು ಬೆರಳಚ್ಚು ಮಾಡುವವರ ಮುಂದಿರಿಸಬಹುದು. ಬಾಯಿಮಾತಿನಲ್ಲಿ ಹೇಳಿ ಬರೆಯಿಸುವುದಕ್ಕಿಂತ ಇದು ಸುರಕ್ಷಿತ.

(2) ದೀರ್ಘವಾದ ವಿವರಣೆಯನ್ನು ನೇರವಾಗಿ ಅರ್ಜಿ ನಮೂನೆಯಲ್ಲಿ ಬೆರಳಚ್ಚಿಸದೆ, ಮೊದಲು ನೋಟ್‌ಪ್ಯಾಡ್‌ನಲ್ಲಿ ಸಿದ್ಧಪಡಿಸಿ ‘ಯುಟಿಎಫ್-8’ ರೂಪದಲ್ಲಿ ಉಳಿಸಿ ನಂತರ ನಮೂನೆಗೆ ನಕಲಿಸುವುದು. ವಿದ್ಯುತ್ ಅಥವಾ ಅಂತರ್ಜಾಲ ಸಂಪರ್ಕ ಕಡಿತವಾದರೂ ಬರೆದದ್ದು ಉಳಿಯುತ್ತದೆ.

(3) ‘ಸಲ್ಲಿಸಿ’ ಗುಂಡಿಯನ್ನು ಒತ್ತುವ ಮೊದಲು ಪರದೆಯನ್ನು ತಮಗೆ ತೋರಿಸುವಂತೆ ಕೇಳುವುದು. ಅರ್ಜಿದಾರರು ತಮ್ಮ ಹೆಸರನ್ನು ತಾವೇ ಓದಿ ನೋಡಬಹುದು ಅಥವಾ ಜೊತೆಯಲ್ಲಿ ಬಂದವರಿಂದ ಓದಿಸಬಹುದು.

(4) ಕೆಲಸ ಮುಗಿದ ನಂತರ ನೋಟ್‌ಪ್ಯಾಡ್‌ನಲ್ಲಿ ಉಳಿಸಿದ ಕಡತವನ್ನು ಆ ಯಂತ್ರದಿಂದ ಅಳಿಸುವುದು.

ಕೇಂದ್ರಗಳನ್ನು ನಡೆಸುವವರು ಯಂತ್ರಕ್ಕೆ ಯುಪಿಎಸ್ ಅಳವಡಿಸಿ, ವಿದ್ಯುತ್ ಹೋದಾಗ ಯಂತ್ರವನ್ನು ಕ್ರಮಬದ್ಧವಾಗಿ ಮುಚ್ಚುವುದನ್ನು ರೂಢಿಸಿಕೊಳ್ಳಬೇಕು. ಮೂಲಸ್ಥಿತಿಗೆ ಹಿಂದಿರುಗಿಸುವ ತಂತ್ರಾಂಶವಿದ್ದಲ್ಲಿ, ಅದನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸಿ, ಕನ್ನಡ ವಿನ್ಯಾಸವನ್ನು ನಿಗದಿಪಡಿಸಿ, ಪುನಃ ಸಕ್ರಿಯಗೊಳಿಸಿದಲ್ಲಿ ಮಾತ್ರ ಆಯ್ಕೆಯು ಉಳಿಯುತ್ತದೆ. ಯಂತ್ರದ ಪಕ್ಕದಲ್ಲಿ ಯಾವ ವಿನ್ಯಾಸ ಜಾರಿಯಲ್ಲಿದೆ ಎಂಬ ಚೀಟಿಯನ್ನು ಅಂಟಿಸುವುದು ಸಾರ್ವಜನಿಕರಿಗೆ ಅನುಕೂಲಕರ.

10. ಅರ್ಜಿ ಸಲ್ಲಿಸುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

ವಿನ್ಯಾಸವು ಸರಿಯಾಗಿದ್ದರೂ ಕಣ್ಣಿಗೆ ಸುಲಭವಾಗಿ ಕಾಣದ ಕೆಲವು ತಪ್ಪುಗಳು ಉಳಿಯುತ್ತವೆ.

– ಅನುಸ್ವಾರದ ಬದಲು ಸೊನ್ನೆ: ‘ಂ’ ಎಂಬ ಅನುಸ್ವಾರಕ್ಕೂ ‘೦’ ಎಂಬ ಕನ್ನಡ ಅಂಕಿಗೂ ನೋಟದಲ್ಲಿ ವ್ಯತ್ಯಾಸ ಕಡಿಮೆ. ಆದರೆ ಯಂತ್ರಕ್ಕೆ ಅವು ಬೇರೆ ಬೇರೆ. ‘ಗಂಗಮ್ಮ’ ಎಂಬ ಹೆಸರಿನಲ್ಲಿ ಅಂಕಿಯನ್ನು ಬಳಸಿದಲ್ಲಿ ಹುಡುಕಿದಾಗ ಆ ಹೆಸರು ದೊರೆಯುವುದಿಲ್ಲ.

– ಕಾಣದ ಅಕ್ಷರಗಳು: ಅಕ್ಷರಗಳು ಕೂಡುವುದನ್ನು ಅಥವಾ ಕೂಡದಿರುವುದನ್ನು ಸೂಚಿಸುವ ಅಗೋಚರ ಚಿಹ್ನೆಗಳು ಯುನಿಕೋಡ್‌ನಲ್ಲಿವೆ. ಬೇರೆಡೆಯಿಂದ ನಕಲಿಸಿದ ಹೆಸರಿನಲ್ಲಿ ಅನಗತ್ಯವಾಗಿ ಇವು ಸೇರಿದ್ದಲ್ಲಿ, ನೋಡಲು ಒಂದೇ ಆದ ಎರಡು ಹೆಸರುಗಳು ಯಂತ್ರದಲ್ಲಿ ತಾಳೆಯಾಗದೆ ಹೋಗಬಹುದು. ಇಂತಹ ಸಂದರ್ಭದಲ್ಲಿ ಹೆಸರನ್ನು ಪೂರ್ಣವಾಗಿ ಅಳಿಸಿ ಮತ್ತೆ ಬೆರಳಚ್ಚಿಸುವುದು ಸುಲಭ ಪರಿಹಾರ.

– ಹ್ರಸ್ವ ಮತ್ತು ದೀರ್ಘ, ‘ನ’ ಮತ್ತು ‘ಣ’, ‘ಲ’ ಮತ್ತು ‘ಳ’: ಹಲವು ವಿನ್ಯಾಸಗಳಲ್ಲಿ ಇವುಗಳ ನಡುವೆ ಇರುವುದು ಶಿಫ್ಟ್ ಕೀಲಿಯ ಅಂತರ ಮಾತ್ರ. ಕ್ಯಾಪ್ಸ್ ಲಾಕ್ ದೀಪವು ಉರಿಯುತ್ತಿಲ್ಲವೆಂಬುದನ್ನು ನೋಡಿಕೊಳ್ಳತಕ್ಕದ್ದು.

11. ತಪ್ಪು ನಮೂದಾದಲ್ಲಿ

ಅರ್ಜಿ ಸಲ್ಲಿಕೆಯಾದ ನಂತರ ತಪ್ಪು ಗಮನಕ್ಕೆ ಬಂದಲ್ಲಿ, ಪ್ರಮಾಣಪತ್ರ ಮುದ್ರಣವಾಗುವವರೆಗೆ ಕಾಯದೆ, ಸ್ವೀಕೃತಿಯಲ್ಲಿರುವ ಅರ್ಜಿ ಸಂಖ್ಯೆಯೊಂದಿಗೆ ಸಂಬಂಧಪಟ್ಟ ಕಛೇರಿಯನ್ನು ಕೂಡಲೇ ಸಂಪರ್ಕಿಸತಕ್ಕದ್ದು. ಸ್ವೀಕೃತಿಯನ್ನು ಕೈಗೆ ಪಡೆದ ಸ್ಥಳದಲ್ಲಿಯೇ ಓದಿ ನೋಡುವುದು ಎಲ್ಲಕ್ಕಿಂತ ಸುಲಭವಾದ ಪರಿಹಾರ. ಪ್ರಮಾಣಪತ್ರವು ವಿತರಣೆಯಾದ ನಂತರ ತಿದ್ದುಪಡಿಗೆ ಪೂರಕ ದಾಖಲೆಗಳನ್ನು ಹಾಜರುಪಡಿಸಬೇಕಾಗಿ ಬರಬಹುದಾದ್ದರಿಂದ ಹೆಚ್ಚಿನ ಸಮಯ ಹಿಡಿಯುತ್ತದೆ.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹೊಸ ಕೀಲಿಮಣೆಯನ್ನು ಜೋಡಿಸಿದರೆ ಮತ್ತೆ ಎಲ್ಲ ಹಂತಗಳನ್ನೂ ಅನುಸರಿಸಬೇಕೇ?
ಉತ್ತರ: ಇಲ್ಲ. ಮೇಲೆ ತಿಳಿಸಿದ ರೀತಿಯಲ್ಲಿ ಸ್ಥಿರ ಆಯ್ಕೆ ಮಾಡಿದ್ದಲ್ಲಿ ಕೀಲಿಮಣೆ ಬದಲಾದರೂ ವಿನ್ಯಾಸ ಉಳಿಯುತ್ತದೆ.

ಪ್ರಶ್ನೆ: ಇ-ಮೇಲ್ ವಿಳಾಸದಲ್ಲಿ ಬಳಸುವ ‘ಅಟ್’ ಚಿಹ್ನೆಯನ್ನು ಒತ್ತಿದರೆ ಉದ್ಧರಣ ಚಿಹ್ನೆ ಬರುತ್ತದೆ. ಏಕೆ?
ಉತ್ತರ: ಇಂಗ್ಲಿಷ್ ವಿನ್ಯಾಸವು ಬ್ರಿಟನ್‌ಗೆ ಸಂಬಂಧಿಸಿದ್ದಾಗಿದ್ದಲ್ಲಿ ಈ ಎರಡು ಚಿಹ್ನೆಗಳು ಅದಲುಬದಲಾಗಿರುತ್ತವೆ. ಭಾಷಾ ಪಟ್ಟಿಯಲ್ಲಿ ಭಾರತ ಅಥವಾ ಅಮೆರಿಕದ ಇಂಗ್ಲಿಷ್ ವಿನ್ಯಾಸವನ್ನು ಉಳಿಸಿಕೊಂಡು ಮತ್ತೊಂದನ್ನು ತೆಗೆದುಹಾಕುವುದು.

ಪ್ರಶ್ನೆ: ಮನೆಯ ಯಂತ್ರದಲ್ಲಿ ಇನ್‌ಸ್ಕ್ರಿಪ್ಟ್, ಕೇಂದ್ರದ ಯಂತ್ರದಲ್ಲಿ ಕ.ಗ.ಪ. ಇದೆ. ಎರಡರಲ್ಲಿ ಬೆರಳಚ್ಚಿಸಿದ ಹೆಸರುಗಳು ತಾಳೆಯಾಗುತ್ತವೆಯೇ?
ಉತ್ತರ: ಎರಡೂ ಯುನಿಕೋಡ್‌ನಲ್ಲಿದ್ದು ಕಾಗುಣಿತ ಒಂದೇ ಆಗಿದ್ದಲ್ಲಿ ತಾಳೆಯಾಗುತ್ತವೆ. ವಿನ್ಯಾಸವು ಕೀಲಿಗಳ ಕ್ರಮವನ್ನು ಮಾತ್ರ ನಿರ್ಧರಿಸುತ್ತದೆ, ಉಳಿಯುವ ಅಕ್ಷರವನ್ನಲ್ಲ.

ಪ್ರಶ್ನೆ: ಯಾವ ವಿನ್ಯಾಸವನ್ನು ಕಲಿಯುವುದು ಒಳ್ಳೆಯದು?
ಉತ್ತರ: ಈಗಾಗಲೇ ಯಾವುದು ಅಭ್ಯಾಸವಾಗಿದೆಯೋ ಅದನ್ನೇ ಮುಂದುವರಿಸಬಹುದು. ಹೊಸದಾಗಿ ಕಲಿಯುವವರು ತಾವು ನಿತ್ಯ ಬಳಸುವ ಯಂತ್ರದಲ್ಲಿ ಸುಲಭವಾಗಿ ದೊರೆಯುವ ಒಂದನ್ನು ಆರಿಸಿಕೊಂಡು ಅದರಲ್ಲಿಯೇ ನೆಲೆನಿಲ್ಲುವುದು ಸೂಕ್ತ.

ಸಾರ್ವಜನಿಕರು ಮೇಲ್ಕಂಡ ಮಾಹಿತಿಯ ಸದುಪಯೋಗ ಪಡೆದುಕೊಂಡು, ಅರ್ಜಿಗಳಲ್ಲಿ ತಮ್ಮ ಹೆಸರು ಮತ್ತು ವಿಳಾಸಗಳನ್ನು ದೋಷರಹಿತವಾಗಿ ಕನ್ನಡದಲ್ಲಿ ನಮೂದಿಸಿ ಸಹಕರಿಸಬೇಕೆಂದು ಕೋರಲಾಗಿದೆ.